ಕ್ಲಿಪ್ಪು ಹಾಕಿದ ಬಾಳೆಲೆ

ಈಗಿನವರು ಊಟದ ಮೇಜು ಸಿಂಗರಿಸುವುದಕ್ಕೂ ಅಂಗಡಿಗೆ ಓಡುತ್ತಾರೆ. ಮೊನ್ನೆ ಹಬ್ಬದ ಊಟಕ್ಕೆಂದು ನನ್ನಕ್ಕನ ಮೊಮ್ಮಗಳು ಪ್ಲಾಸ್ಟಿಕ್ಕಿನ ನಿಂಬೆಹಣ್ಣು ಕೊಂಡು ತಂದಿದ್ದಳು. ಹಿತ್ತಿಲಲ್ಲಿ ನಿಜವಾದ ನಿಂಬೆಗಿಡ ಕಾಯಿಯ ಭಾರ ತಾಳಲಾರದೆ ಬಾಗಿ ನಿಂತಿದೆ.

"ಅದು ಬಾಡುತ್ತೆ ಲೋಲಾ, ಇದು ಬಾಡಲ್ಲ," ಅಂದಳು. ಲೋಲಾ ಅಂದರೆ ನಮ್ಮಲ್ಲಿ ಅಜ್ಜಿ.

"ಬಾಡ್ಲಿ ಬಿಡೇ. ಉಂಡೋರು ಎದ್ದು ಹೋದ್ಮೇಲೂ ನಗ್ತಾ ಕೂತಿರೋ ನಿಂಬೆಹಣ್ಣು ಯಾವಳಿಗೆ ಬೇಕು?" ಅಂದೆ. ಅಜ್ಜಿಗೆ ಅರಳುಮರಳು ಅಂದುಕೊಂಡಿರಬೇಕು, ನಕ್ಕಳು.

ನಾನೂ ಒಂದು ಮೇಜು ಸಿಂಗರಿಸಿದ್ದೆ, ಹನ್ನೊಂದನೆಯ ವಯಸ್ಸಿನಲ್ಲಿ. ಒಂದು ಕಾಸಿನ ಸಾಮಾನು ಕೊಳ್ಳಲಿಲ್ಲ, ಎಲ್ಲ ಮನೆಯಲ್ಲಿ ಬಿದ್ದಿದ್ದೇ. ಅಷ್ಟು ಚೆಂದದ ಮೇಜನ್ನು ನಮ್ಮ ದ್ವೀಪದ ಮಾಲಿನಾವ್ ಊರು ಆಮೇಲೆ ನೋಡಿಲ್ಲ ಎಂದು ಈಗಲೂ ಜಂಬದಿಂದ ಹೇಳುತ್ತೇನೆ. ಆದರೆ ಆ ಮೇಜಿನಿಂದಲೇ ಒಬ್ಬ ಮನುಷ್ಯ ಸಾಯುತ್ತಾನೆ ಎಂದು ಮೂರು ದಿನ ನಡುಗಿದ್ದೂ ನಾನೇ.

ಅದು ಮೇ ತಿಂಗಳ ನಡುವೆ ಬರುವ, ಬೇಸಾಯಗಾರರ ಸಂತ ಸಾನ್ ಇಸಿದ್ರೋನ ಹಬ್ಬ. ಬೇಸಗೆ ಕೊನೆಯ ಉಸಿರು ಎಳೆಯುವ ಹೊತ್ತು. ಮರಳು ಸುಡುತ್ತದೆ, ಮಾವು ತಾನಾಗಿ ಉದುರುತ್ತದೆ. ಹಬ್ಬದ ದಿನ ಬಾಗಿಲ ಮುಂದೆ ಹಾದು ಹೋದವನನ್ನು ಉಣ್ಣಿಸದೆ ಕಳಿಸುವಂತಿಲ್ಲ. ಅದರ ಮೇಲೆ ಕೊಲ್ಲಿಯ ಆಚೆ ದಡದಿಂದ ಬ್ಯಾಂಡಿನವರು ದೋಣಿಯಲ್ಲಿ ಬರುತ್ತಿದ್ದರು. ಅವರನ್ನು ಮನೆಮನೆಗೆ ಹಂಚುವುದು ಪದ್ಧತಿ. ನಮ್ಮ ಪಾಲಿಗೆ ಪ್ರತಿ ವರ್ಷ ನಾಲ್ವರು.

ಆ ನಾಲ್ವರಲ್ಲಿ ಒಬ್ಬ ಎಲ್ಪಿಡಿಯೋ. ಕುಂಬಳಕಾಯಿಯಷ್ಟು ಬಾಯಿಯ ಹಿತ್ತಾಳೆ ಕಹಳೆ ಊದುತ್ತಿದ್ದ, ಉಳಿದ ದಿನ ರೇಡಿಯೋ ರಿಪೇರಿ. ಹಿಂದಿನ ವರ್ಷ ನಮ್ಮ ಮನೆಯಲ್ಲಿ ಉಂಡು, ನನ್ನಕ್ಕ ಪುರಿಂಗ್ ಮಾಡಿದ ಹುಳಿಮಾಂಸವನ್ನು ಮೂರು ಸಲ ಹಾಕಿಸಿಕೊಂಡಿದ್ದ. ಆಮೇಲೆ ಎರಡು ಕಾಗದ ಬಂದವು. ಎರಡನೆಯದರಲ್ಲಿ, "ಈ ಹಬ್ಬಕ್ಕೆ ಬಂದಾಗ ನಿಮ್ಮ ತಾಯಿಯ ಹತ್ತಿರ ಒಂದು ಮಾತು ಕೇಳುವುದಿದೆ" ಎಂದಿತ್ತು. ಪುರಿಂಗ್‌ಗೆ ಆಗ ಇಪ್ಪತ್ತಾರು. ಊರಿನವರ ಲಂಗ ಹೊಲಿದು ಹೊಲಿದು ಬೆನ್ನು ಬಾಗಿತ್ತು. ಆ ಕಾಗದವನ್ನು ಅವಳು ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ದಾರದ ಉಂಡೆಗಳ ಕೆಳಗೆ ಇಟ್ಟಿದ್ದಳು. ನಾನು ಓದದೆ ಬಿಡುತ್ತೇನೆಯೇ?

ಫೋರ್ಕು ಕೈಜಾರಿ ಬಿದ್ದರೆ ಮನೆಗೆ ಗಂಡಸು ಬರುತ್ತಾನೆ ಅನ್ನುತ್ತಾರೆ. ಹಬ್ಬದ ವಾರವಿಡೀ ನಮ್ಮ ಅಡುಗೆಮನೆಯಲ್ಲಿ ಫೋರ್ಕು ಬಿದ್ದದ್ದೇ ಬಿದ್ದದ್ದು.

"ಅಷ್ಟು ಸಲ ಬೀಳಿಸಿದ್ರೆ ಇಡೀ ಬ್ಯಾಂಡೇ ಬರುತ್ತೆ ಕಣೇ," ಅಂದಳು ಪಕ್ಕದ ಮನೆಯ ಲೋಲಾ ಬಿಡಾಂಗ್. ಅವಳು ಬಂಧುವಲ್ಲ, ಬಂಧುವಿಗಿಂತ ಹೆಚ್ಚು ನಮ್ಮ ಮನೆಯಲ್ಲೇ ಇರುತ್ತಿದ್ದ ಮುದುಕಿ, ನಾಲಿಗೆ ಮೆಣಸಿನಕಾಯಿ.

ನಮ್ಮ ತಾಯಿ, ಮಕ್ಕಳ ಬಾಯಲ್ಲಿ ಇನಾಯ್, ನಗಲಿಲ್ಲ. "ಕಡಲು ದಾಟಿ ಬರೋ ಗಂಡು ಈ ಮನೆಗೆ ಬೇಡ," ಅಂದಳು. "ಒಬ್ಬನನ್ನ ಕೊಟ್ಟಾಗಿದೆ ಅದಕ್ಕೆ. ಇನ್ನೂ ಎಷ್ಟು ಬೇಕಂತೆ?"

ಆ ಒಬ್ಬ ನಮ್ಮಪ್ಪ. ದೋಣಿ ಕಟ್ಟುವವನು. ಆರು ವರ್ಷದ ಹಿಂದೆ ಒಂದು ಭಾನುವಾರ ಎಲ್ಲರೂ ಉಣ್ಣುತ್ತಿದ್ದೆವು. ಅವನು ಕಟ್ಟಿದ ದೋಣಿಯೊಂದು ಆಚೆ ದಡದಲ್ಲಿ ನೀರು ಕುಡಿಯುತ್ತಿದೆ ಎಂದು ಕರೆ ಬಂತು. ಅಪ್ಪ ಅರ್ಧ ತಿಂದ ಮೀನು ಬಿಟ್ಟು ಎದ್ದ. ಊಟದ ನಡುವೆ ಒಬ್ಬರು ಎದ್ದು ಹೊರಟರೆ ಕೂತವರೆಲ್ಲ ತಮ್ಮ ತಮ್ಮ ತಟ್ಟೆಯನ್ನು ಒಂದು ಸುತ್ತು ತಿರುಗಿಸಬೇಕು. ತಿರುಗಿಸಿದರೆ ಹೋದವರು ಕ್ಷೇಮವಾಗಿ ಹೋಗಿ ಬರುತ್ತಾರೆ. ಪುರಿಂಗ್ ತಿರುಗಿಸಿದಳು, ಲೋಲಾ ಬಿಡಾಂಗ್ ತಿರುಗಿಸಿದಳು, ಐದು ವರ್ಷದ ನನ್ನ ತಟ್ಟೆಯನ್ನೂ ಯಾರೋ ತಿರುಗಿಸಿದರು. ಇನಾಯ್ ಮಾತ್ರ ತನ್ನ ತಟ್ಟೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು. "ನನ್ನ ಅನ್ನಕ್ಕಿಂತ ಹಲಗೆ ಹೆಚ್ಚಾಯ್ತಲ್ಲ, ಹೋಗ್ಲಿ!" ಅಂದಳು. ಅಪ್ಪ ಹೋದ. ದೋಣಿಯೂ ಬರಲಿಲ್ಲ, ಹೆಣವೂ ಬರಲಿಲ್ಲ.

ಆಮೇಲೆ ಇನಾಯ್ ತಟ್ಟೆ ತಿರುಗಿಸುವುದರಲ್ಲಿ ಒಬ್ಬರನ್ನೂ ಬಿಡಲಿಲ್ಲ. ಊಟದ ಹೊತ್ತಿಗೆ ಬಂದು ಹೋದ ಅಂಚೆಯವನಿಗೆ ತಿರುಗಿಸಿದಳು. ಮೀನಿನ ಮುಳ್ಳು ಕಚ್ಚಿಕೊಂಡು ಹೊರಟ ಬೆಕ್ಕಿಗೂ ತಿರುಗಿಸಿದಳು. ಇಡೀ ದ್ವೀಪದಲ್ಲಿ ನಮ್ಮ ಬೆಕ್ಕಿನಷ್ಟು ಸುಖಪ್ರಯಾಣ ಮಾಡಿದವರು ಇನ್ನೊಬ್ಬರಿರಲಿಲ್ಲ. ನಾವು ನಗುತ್ತಿದ್ದೆವು, ಅವಳಿಗೆ ಕೇಳದ ಹಾಗೆ.

ಆ ವರ್ಷ ಹಬ್ಬದ ಬೆಳಗ್ಗೆ ಒಂದು ಅನಾಹುತವಾಯಿತು. ನಮ್ಮ ಮನೆಯಲ್ಲಿ ನೀಲಿ ಹೂವಿನ ಹನ್ನೆರಡು ಪಿಂಗಾಣಿ ತಟ್ಟೆಗಳಿದ್ದವು. ಗಾಜಿನ ಬೀರುವಿನಲ್ಲಿ ವರ್ಷವಿಡೀ ಕೂತಿರುತ್ತಿದ್ದವು. ನಾವು ತಗಡಿನ ತಟ್ಟೆಯಲ್ಲಿ ಉಣ್ಣುವುದು, ಅವು ನೆಂಟರ ದಾರಿ ಕಾಯುವುದು. ಅವತ್ತು ಬೆಳಗಾಗುತ್ತಲೇ ಹಬ್ಬದ ಯಜಮಾನಿಯ ಮನೆಯಿಂದ ಹೇಳಿಕಳಿಸಿದರು: ಬಿಷಪ್ಪರ ಜೊತೆ ಜನ ಜಾಸ್ತಿ ಬಂದಿದ್ದಾರೆ, ಹನ್ನೆರಡೂ ತಟ್ಟೆ ಬೇಕು. ಸಂತನ ಹೆಸರಿನಲ್ಲಿ ಕೇಳಿದ್ದನ್ನು ಇಲ್ಲ ಅನ್ನುವುದು ಹೇಗೆ? ಇನಾಯ್ ಹನ್ನೆರಡನ್ನೂ ಒರೆಸಿ ಕೊಟ್ಟು, ಖಾಲಿ ಬೀರುವಿನ ಮುಂದೆ ಕೂತು ಅತ್ತಳು.

"ನಾಲ್ಕು ಜನ ಬರ್ತಾರೆ. ಮನೇಲಿ ಮೂರು ಸೊಟ್ಟ ತಗಡು ತಟ್ಟೆ. ಮಾನ ಹೋಯ್ತು."

"ನಾನು ಮೇಜು ಹಾಕ್ತೀನಿ ಇನಾಯ್," ಅಂದೆ. "ತಟ್ಟೆ ಬೇಕಾಗಿಲ್ಲ. ಎಂಟು ಜನ ಉಣ್ಣೋ ಹಾಗೆ ಹಾಕ್ತೀನಿ."

"ಏನ್ ಹಾಕ್ತೀಯೋ ಹಾಕು," ಅಂದು ಅವಳು ಮೂಗು ಸೀನಿಕೊಂಡು ಒಲೆಯ ಕಡೆ ಹೋದಳು. ಬೇಡ ಅನ್ನುವಷ್ಟು ಪುರುಸೊತ್ತೂ ಇರಲಿಲ್ಲ.

ಮಲಗುವ ಕೋಣೆಯ ಬಾಗಿಲನ್ನು ಪುರಿಂಗ್ ಮತ್ತು ನಾನು ಕೀಲಿನಿಂದ ಎತ್ತಿ ತೆಗೆದು ಮಾವಿನ ಮರದ ಕೆಳಗೆ ಹೊತ್ತು ತಂದೆವು. ಅದನ್ನು ಅಡ್ಡ ಮಲಗಿಸಲು, ಅಪ್ಪ ಹಲಗೆ ಇಟ್ಟು ಕುಯ್ಯುತ್ತಿದ್ದ ನಾಲ್ಕು ಕಾಲಿನ ಎರಡು ಮರದ ಕುದುರೆಗಳನ್ನು ಕಂಬಗಳ ಮೇಲೆ ನಿಂತ ನಮ್ಮ ಮನೆಯ ಅಡಿಯಿಂದ ಎಳೆದೆ. ಆರು ವರ್ಷದಿಂದ ಅವನ್ನು ಯಾರೂ ಮುಟ್ಟಿರಲಿಲ್ಲ. ಇನಾಯ್ ಕಿಟಕಿಯಿಂದ ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಅವಳು ಕಿಟಕಿಯಿಂದ ಸರಿದು ಹೋದಳು.

ಮೇಲೆ ಒಗೆದೊಗೆದು ಮೆತ್ತಗಾದ ಹಿಟ್ಟಿನ ಚೀಲಗಳ ಬಿಳಿ ಬಟ್ಟೆ. ಅದರ ಮೇಲೆ ಉದ್ದಕ್ಕೆ, ಸೀಳದ ಇಡೀ ಬಾಳೆಲೆಗಳನ್ನು ಒಂದರ ಮೇಲೊಂದು ಅಂಚು ಸೇರಿಸಿ ಹಾಸಿದೆ. ಈ ತುದಿಯಿಂದ ಆ ತುದಿಗೆ ಒಂದೇ ಹಸಿರು ಹಾದಿ. ಕಡಲ ಗಾಳಿ ಎರಡು ಸಲ ಅದನ್ನು ಎತ್ತಿ ಒಗೆಯಿತು. ತಂತಿಯ ಮೇಲಿದ್ದ ಬಟ್ಟೆ ಕ್ಲಿಪ್ಪುಗಳನ್ನೆಲ್ಲ ಕಿತ್ತು ತಂದು ಎಲೆಯನ್ನೂ ಬಟ್ಟೆಯನ್ನೂ ಸೇರಿಸಿ ಹಲಗೆಯ ಅಂಚಿಗೆ ಸುತ್ತಲೂ ಬಿಗಿದೆ. ಮರದ ಕ್ಲಿಪ್ಪುಗಳು ಸಾಲಾಗಿ ಕೂತದ್ದೂ ಒಂದು ಸೊಗಸಾಯಿತು. ಮೀನಿನ ಸಾರದ ಖಾಲಿ ಬಾಟಲಿಗಳಲ್ಲಿ ದಾಸವಾಳ. ಒಡೆದ ಲಾಟೀನಿನ ಗಾಜಿನಲ್ಲಿ ಕಡಲ ಚಿಪ್ಪು. ತೆಂಗಿನ ಕರಟದಲ್ಲಿ ಉಪ್ಪು, ಮೆಣಸು, ಹೆಚ್ಚಿದ ಪುಟ್ಟ ನಿಂಬೆ. ಇನಾಯ್‌ಳ ಅಕ್ಕಿ ಕೇರುವ ಮೊರದಲ್ಲಿ ಮಾವಿನ ಹಣ್ಣಿನ ಗೋಪುರ. ಪುರಿಂಗ್‌ಳ ದಾರದ ಖಾಲಿ ಉರುಳೆಗಳನ್ನು ಅಪ್ಪನ ಬಲೆಯ ಬೆಂಡುಗಳ ಜೊತೆ ಪೋಣಿಸಿ ಕುದುರೆಗಳ ಕಾಲಿಗೆ ತೋರಣ ಕಟ್ಟಿದೆ. ಪುರಿಂಗ್ ಹಿಂದೆ ಸರಿದು ನಿಂತು ನೋಡಿದಳು. ನನ್ನ ತಲೆ ಮೇಲೆ ಕೈಯಿಟ್ಟಳು. ಆ ಕೈಯ ಭಾರ ಈಗಲೂ ನೆನಪಿದೆ.

"ಇದೇನೇ, ಊಟಕ್ಕೆ ಹಾಕಿದ್ದೀಯೋ, ಒಣಗೋಕೆ ಹಾಕಿದ್ದೀಯೋ?" ಅಂದಳು ಲೋಲಾ ಬಿಡಾಂಗ್ ಕ್ಲಿಪ್ಪುಗಳನ್ನು ನೋಡಿ. ಆದರೂ ಎಲ್ಲರಿಗಿಂತ ಮೊದಲು ಕೂತವಳು ಅವಳೇ.

ಎಲೆಯ ನಡುವೆ ಅನ್ನದ ಒಂದೇ ದಿಣ್ಣೆ, ಎರಡೂ ಪಕ್ಕ ಸುಟ್ಟ ಮೀನು, ಹುಳಿಮಾಂಸ, ಶಾವಿಗೆ, ಬದನೆಕಾಯಿ. ಬ್ಯಾಂಡಿನ ನಾಲ್ವರು ಬಿಳಿ ಕೋಟಿನಲ್ಲಿ ಬೆವರುತ್ತ ಬಂದರು. ಎಲ್ಪಿಡಿಯೋ ಕಹಳೆಯನ್ನು ಮರಕ್ಕೆ ಒರಗಿಸಿ, ಮೇಜನ್ನು ಈ ತುದಿಯಿಂದ ಆ ತುದಿಗೆ ನೋಡಿದ.

"ಯಾರು ಮಾಡಿದ್ದು ಇದನ್ನ?"

"ನಾನು," ಅಂದೆ.

"ಬಿಷಪ್ಪರಿಗೆ ಪಾಪ ಬರೀ ಪಿಂಗಾಣಿ ತಟ್ಟೆ," ಅಂದ. ಇನಾಯ್‌ಳ ತುಟಿ ಒಂದಿಷ್ಟು ಅಲುಗಿತು. ನಾನು ನೋಡಿದೆ, ಪುರಿಂಗ್ ಇನ್ನೂ ಚೆನ್ನಾಗಿ ನೋಡಿದಳು.

ಪ್ರಾರ್ಥನೆ ಮುಗಿಸಿ ಕೈ ಹಾಕಿದೆವು. ಮಾವು ತಿಂದ ಮೇಲೆ ಮಾತು ಎತ್ತುವುದು ಎಂದು ಅವನು ಲೆಕ್ಕ ಹಾಕಿದ್ದ; ಮೊರದ ಕಡೆ ಎರಡು ಮೂರು ಸಲ ಕಣ್ಣು ಹಾಯಿಸಿದ್ದರಲ್ಲೇ ಗೊತ್ತಾಗುತ್ತಿತ್ತು. ಹತ್ತು ತುತ್ತು ಇಳಿದಿರಲಿಲ್ಲ, ದೋಣಿಯವನು ಬೇಲಿಯಾಚೆಯಿಂದ ಕೂಗಿದ.

"ಮೋಡ ಕಟ್ತಾ ಇದೆ! ಈಗ ಬಂದ್ರೆ ಬಂದ್ರಿ, ಇಲ್ದಿದ್ರೆ ನಾಳಿದ್ದೇ!"

ಮಾರನೆಯ ಬೆಳಗ್ಗೆ ಅವರ ಊರಿನಲ್ಲಿ ಬ್ಯಾಂಡ್ ಮೇಷ್ಟ್ರ ತಾಯಿಯ ಮಣ್ಣು. ವಾದ್ಯವಿಲ್ಲದೆ ಕಳಿಸುವುದಕ್ಕಾಗುತ್ತದೆಯೇ? ಉಳಿದ ಮೂವರು ಕೈ ಒರೆಸಿಕೊಳ್ಳುತ್ತ ಎದ್ದರು. ಎಲ್ಪಿಡಿಯೋ ಕೊನೆಗೆ ಎದ್ದ. ಅವನ ಮುಂದೆ ಅರ್ಧ ತಿಂದ ಮೀನು ಇತ್ತು.

ಇನಾಯ್‌ಳ ಎರಡೂ ಕೈ ತಟ್ಟೆ ತಿರುಗಿಸಲು ಮುಂದೆ ಬಂದವು. ತಟ್ಟೆ ಇರಲಿಲ್ಲ. ಬೆರಳುಗಳು ಎಲೆಯ ಮೇಲೆ ಅಂಚು ಹುಡುಕುತ್ತ ಆ ಕಡೆ ಈ ಕಡೆ ಹರಿದಾಡಿ ನಿಂತವು.

ಒಬ್ಬೊಬ್ಬರಿಗೆ ಒಂದೊಂದು ತುಂಡು ಎಲೆ ಹಾಕಿದ್ದರೆ ತಿರುಗಿಸಬಹುದಿತ್ತು. ಚೆಂದ ಕಾಣಲಿ ಎಂದು ಒಂದೇ ಎಲೆ ಮಾಡಿದವಳು ನಾನು. ಅದು ಸಾಲದು ಎಂದು ಸುತ್ತಲೂ ಕ್ಲಿಪ್ಪು ಬಿಗಿದವಳೂ ನಾನು. ನನ್ನ ಮುಂದಿನ ಎಲೆಯನ್ನು ಹಿಡಿದು ತಿರುಗಿಸಲು ನೋಡಿದೆ. ಪರ್ರೆಂದು ಹರಿಯಿತು, ಅನ್ನ ತೊಡೆಯ ಮೇಲೆ ಬಿತ್ತು.

"ಒಳಗಿನ ತಗಡು ತಟ್ಟೆ ತಂದು ತಿರುಗಿಸ್ರೇ," ಅಂದಳು ಲೋಲಾ ಬಿಡಾಂಗ್. ಅವಳ ದನಿಯಲ್ಲೂ ತಮಾಷೆ ಇರಲಿಲ್ಲ.

"ಅದ್ರಲ್ಲಿ ಯಾರು ಉಂಡ್ರು?" ಅಂದಳು ಇನಾಯ್.

ಪುರಿಂಗ್ ಎದ್ದು ನಿಂತು ಇನಾಯ್‌ಳನ್ನೇ ನೋಡುತ್ತಿದ್ದಳು. ಬೇಡಿಕೊಳ್ಳಲಿಲ್ಲ, ಅಳಲಿಲ್ಲ, ನೋಡುತ್ತಿದ್ದಳು ಅಷ್ಟೇ. ಬೇಡದ ಗಂಡು ತಾನಾಗಿ ಎದ್ದು ಹೊರಟಿದ್ದಾನೆ. ಇನಾಯ್ ಸುಮ್ಮನೆ ಕೂತಿದ್ದರೆ ಸಾಕಾಗಿತ್ತು.

ಇನಾಯ್ ಬೆಂಚಿನಿಂದ ಎದ್ದಳು. "ಏಳ್ರೀ ಎಲ್ರೂ. ಮೇಜು ಹಿಡ್ಕೊಳ್ಳಿ."

"ಏನು?"

"ಮೇಜೇ ತಿರುಗ್ಸೋಣ. ಬೇಗ! ದೋಣಿ ಕಾಯಲ್ಲ."

ಹೆಂಗಸರು ನಾಲ್ವರೇ. ಬೇಲಿಯಾಚೆಯ ದೋಣಿಯವನು ಊಟದಿಂದ ಎದ್ದವನಲ್ಲವಲ್ಲ, ಅವನನ್ನೂ ಇನಾಯ್ ಗದರಿಸಿ ಕರೆದಳು. ಎಲ್ಪಿಡಿಯೋ ಒಂದು ಮೂಲೆಗೆ ಕೈ ಹಾಕಿದ. ಲೋಲಾ ಬಿಡಾಂಗ್ ಅವನ ಮಣಿಕಟ್ಟಿಗೆ ಪಟ್ಟೆಂದು ಹೊಡೆದಳು. "ಊಟದಿಂದ ಎದ್ದು ಹೋಗೋನೇ ತಿರುಗಿಸ್ಕೊಂಡ್ರೆ ಏನೋ ಬಂತು? ಸರಿ ಆ ಕಡೆ!"

ಅನ್ನ, ಮೀನು, ಮಾವಿನ ಗೋಪುರ, ದಾಸವಾಳ ಎಲ್ಲವನ್ನೂ ಹೊತ್ತ ಬಾಗಿಲನ್ನು ಕುದುರೆಗಳ ಮೇಲಿಂದ ಎತ್ತಿ ಸುತ್ತತೊಡಗಿದೆವು. ಮರದ ಬುಡ ಅಡ್ಡ ಬಂತು. ದೋಣಿಯವನು ಬೆನ್ನು ಒತ್ತಿಕೊಂಡು ಬೈಯುತ್ತ ದಾಟಿದ. ಒಂದು ಬಾಟಲಿ ಉರುಳಿತು. ಮಾವು ಒಂದೊಂದೇ ದೊಬ್ ದೊಬ್ ಎಂದು ಕಾಲ ಮೇಲೆ ಬಿದ್ದವು. ಬ್ಯಾಂಡಿನವರು ನಗಬೇಕೋ ಟೋಪಿ ತೆಗೆಯಬೇಕೋ ತಿಳಿಯದೆ ಸಾಲಾಗಿ ನಿಂತಿದ್ದರು. ಒಂದು ಪೂರ್ತಿ ಸುತ್ತು ಮುಗಿಸಿ ಮೇಜನ್ನು ಇಳಿಸಿದಾಗ ಅರ್ಧ ತಿಂದ ಮೀನು ತನ್ನ ಜಾಗಕ್ಕೇ ಬಂದಿತ್ತು. ನಾನು ಇಷ್ಟು ವರ್ಷದಲ್ಲಿ ಅದಕ್ಕಿಂತ ಚೆಂದದ್ದನ್ನು ನೋಡಿಲ್ಲ.

"ಬರೋ ವಾರ ಬರ್ತೀನಮ್ಮಾ," ಅಂದ ಎಲ್ಪಿಡಿಯೋ. "ನಿಮ್ಮತ್ರ ಒಂದು ಮಾತು..."

"ಮೊದ್ಲು ಹೋಗಿ ದಡ ಸೇರು," ಅಂದಳು ಇನಾಯ್.

ಒಂದು ಗಂಟೆ ಕಳೆಯುವುದರೊಳಗೆ ಬಿರುಗಾಳಿ ಬಂತು. ಊರಿನ ಹಬ್ಬದ ಕಾಗದದ ಬಾವುಟಗಳೆಲ್ಲ ಕಡಲ ಪಾಲಾದವು. ನನ್ನ ಮೇಜು ಮಾತ್ರ, ಕ್ಲಿಪ್ಪಿನ ದೆಸೆಯಿಂದ, ಹಾಗೇ ನಿಂತಿತ್ತು. ನಾನು ತೆಗೆಯಲು ಹೋದರೆ ಇನಾಯ್ ತಡೆದಳು.

"ಬಿಡು. ಅವನು ಉಂಡು ಮುಗಿಸಿಲ್ಲ."

ಅನ್ನ, ಮೀನು ಕೋಳಿಗಳಿಗೆ ಹೋದವು, ಮೇಜು ಉಳಿಯಿತು. ಮಾರನೆಯ ದಿನ ಸಂತೆಯಿಂದ ಬಂದವರು ಕೊಲ್ಲಿಯಲ್ಲಿ ಒಂದು ದೋಣಿ ಮಗುಚಿದೆ ಅಂದರು. ಯಾವುದು, ಯಾರದು, ಯಾರಿಗೂ ಗೊತ್ತಿಲ್ಲ. ಬಾಳೆಲೆ ಅಂಚಿನಿಂದ ಹಳದಿಯಾಗತೊಡಗಿತು. ನಾನು ಬೆಳಗ್ಗೆ ಬೆಳಗ್ಗೆ ಬಾಟಲಿಗಳಲ್ಲಿ ಹೊಸ ದಾಸವಾಳ ಇಡುತ್ತಿದ್ದೆ. ಅದನ್ನು ನಿಲ್ಲಿಸಿದರೆ ಅವನು ಮುಳುಗುತ್ತಾನೆ ಎಂದು ನನಗೆ ಖಾತ್ರಿಯಾಗಿತ್ತು. ಅಡುಗೆಮನೆಯಲ್ಲಿ ಫೋರ್ಕು ಬೀಳುವ ಸದ್ದು ಕೇಳುತ್ತಿತ್ತು. ಪುರಿಂಗ್ ಬೇಕೆಂದೇ ಬೀಳಿಸುತ್ತಿದ್ದಳು. ಇನಾಯ್ ಬೈಯಲಿಲ್ಲ. ಒಮ್ಮೆ ತಾನೇ ಎತ್ತಿ ಅವಳ ಕೈಗೆ ಕೊಟ್ಟಳು.

ಮೂರನೆಯ ದಿನ ನನಗೆ ತಡೆಯಲಾಗಲಿಲ್ಲ. ಮೇಜಿನ ಕೆಳಗೆ ಕೂತು ಅಳುತ್ತಿದ್ದಾಗ ಇನಾಯ್ ಬಗ್ಗಿ ನೋಡಿದಳು.

"ಕ್ಲಿಪ್ಪು ಹಾಕಿದ್ದು ನಾನು," ಅಂದೆ.

ಅವಳು ಪಕ್ಕದಲ್ಲಿ ಬಂದು ಕೂತಳು. ತಲೆಗೆ ಅಪ್ಪನ ಬೆಂಡಿನ ತೋರಣ ತಾಗುತ್ತಿತ್ತು. "ಗಾಳಿಗೆ ಹಾರದಿರ್ಲಿ ಅಂತ ಹಾಕ್ದೆ. ಅದ್ರಲ್ಲೇನು ತಪ್ಪು? ಕೈಯಲ್ಲಿ ತಟ್ಟೆ ಇದ್ದೂ ತಿರುಗಿಸ್ದೇ ಇದ್ದೋಳು ನಾನಿದೀನಿ." ಸ್ವಲ್ಪ ಹೊತ್ತು ಒಂದು ಬೆಂಡನ್ನು ಬೆರಳಲ್ಲಿ ಉರುಳಿಸಿದಳು. "ಸಿಟ್ಟು ಇತ್ತು ಕಣೇ. ಸಂಜೆ ಬರ್ತಾನಲ್ಲ, ಆಗ ನೋಡ್ಕೋತೀನಿ ಅಂದ್ಕೊಂಡೆ."

ನಾನು ಅವಳ ಮಡಿಲಿನಲ್ಲಿ ಮುಖ ಇಟ್ಟೆ. ಆ ಮಾತನ್ನು ಅವಳು ಆರು ವರ್ಷ ಯಾರ ಮುಂದೆಯೂ ಆಡಿರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಬೇಲಿಯ ಹತ್ತಿರ ಎಲ್ಪಿಡಿಯೋ ನಿಂತಿದ್ದ. ಬಿಳಿ ಕೋಟು ಉಪ್ಪು ನೀರಿಗೆ ಕಲೆಗಟ್ಟಿತ್ತು, ಕೈಯಲ್ಲಿ ಒಂದು ಬಟ್ಟೆ ಕ್ಲಿಪ್ಪು.

"ನಿಮ್ಮನೇದು," ಅಂದ. "ಮೂಲೆಗೆ ಕೈ ಹಾಕಿದಾಗ ಕೋಟಿನ ತೋಳಿಗೆ ಸಿಕ್ಕೊಂಡು ಬಂದ್ಬಿಟ್ಟಿತ್ತು. ಮಣ್ಣಿಗೆ ಊದುವಾಗ ನೋಡ್ದೆ."

ಪುರಿಂಗ್ ಬಾಗಿಲಲ್ಲಿ ನಿಂತವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮಗುಚಿದ್ದು ಬೇರೆ ದೋಣಿಯಂತೆ, ಲಂಗರಿಗೆ ಕಟ್ಟಿದ್ದ ಖಾಲಿ ದೋಣಿ. ಇವರ ದೋಣಿಗೂ ನೀರು ನುಗ್ಗಿತ್ತು. ಎತ್ತಿ ಚೆಲ್ಲಲು ಬಕೆಟ್ಟು ಸಾಲದೆ ಕಹಳೆಯ ಬಾಯಲ್ಲಿ ಎತ್ತಿ ಚೆಲ್ಲಿದರಂತೆ. "ಈಗ ಊದಿದ್ರೆ ಗೊರಗೊರ ಅನ್ನುತ್ತೆ," ಅಂದ.

"ಕೂತ್ಕೋ," ಅಂದಳು ಇನಾಯ್. "ಮಾತು ಆಮೇಲೆ. ಅರ್ಧಕ್ಕೆ ಎದ್ದು ಹೋದೋನು ನೀನು."

ಒಣಗಿದ ಎಲೆಯ ಮೇಲೆ ಹೊಸ ಎಲೆ ಹಾಸಿದೆ. ಅವನು ತಂದ ಕ್ಲಿಪ್ಪನ್ನು ಅದರ ಜಾಗದಲ್ಲೇ ಹಾಕಿದೆ. ಮೀನು, ಅನ್ನ, ಬೆಳಗಿನ ದಾಸವಾಳ. ಅವನು ಉಣ್ಣುವಷ್ಟು ಹೊತ್ತೂ ಇನಾಯ್ ಎದುರಿಗೆ ಕೂತು ನೋಡಿದಳು, ಕೊನೆಯ ತುತ್ತಿನವರೆಗೆ. ಅವನು ಮಾವಿನ ಗೊರಟೆ ಇಟ್ಟು ಕೈ ಒರೆಸಿಕೊಂಡ.

"ಇನಾಯ್," ಅಂದ. ಹೊರಗಿನವರ ಹಾಗೆ ಅಮ್ಮಾ ಅನ್ನಲಿಲ್ಲ, ಮಕ್ಕಳ ಹಾಗೆ ಕರೆದ.

"ಗೊತ್ತು," ಅಂದಳು ಅವಳು. "ಹೂಂ ಅಂದಾಯ್ತು. ಪುರಿಂಗ್‌ನ ಕೇಳೋದೇನಿದೆ, ಮನೇಲಿ ಒಂದು ಫೋರ್ಕೂ ನೆಟ್ಟಗೆ ಉಳಿದಿಲ್ಲ." ಆಮೇಲೆ ಎದ್ದು ಮೇಜಿನ ಒಂದು ಮೂಲೆಗೆ ಹೋಗಿ, ಬಾಗಿ, ಎರಡೂ ಕೈಯಲ್ಲಿ ಹಿಡಿದಳು. "ಬನ್ನಿ. ಒಂದು ಸುತ್ತು ತಿರುಗಿಸ್ಬೇಕು."

ನಾವು ಸುತ್ತಲೂ ನೋಡಿದೆವು. ಎದ್ದು ಹೋದವರು ಯಾರೂ ಇರಲಿಲ್ಲ. "ಯಾರು ಹೊರಟ್ರು, ಇನಾಯ್?" ಎಂದು ಕೇಳಿದೆ.

"ನಿಮ್ಮಪ್ಪ," ಅಂದಳು.

ಪುರಿಂಗ್ ಒಂದು ಮೂಲೆ ಹಿಡಿದಳು, ಎಲ್ಪಿಡಿಯೋ ಒಂದು, ನಾನೊಂದು. ಈ ಸಲ ನಿಧಾನವಾಗಿ ಸುತ್ತಿದೆವು. ಒಂದು ಹೂವೂ ಬೀಳಲಿಲ್ಲ.